ನಿಂತಲ್ಲೇ ನಡುಗುವ ಹಳೆಯ ಮಾರುತಿ 800: ಮಿಸ್ಸಿಂಗ್ ಎಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ

ಸಿಗ್ನಲ್‌ನಲ್ಲಿ ನಿಂತಾಗ ಸ್ಟಿಯರಿಂಗ್ ನಡುಗುತ್ತದೆ, ಕನ್ನಡಿಯಲ್ಲಿ ಕಾಣುವ ಹಿಂದಿನ ವಾಹನ ಕದಡಿದಂತೆ ತೋರುತ್ತದೆ, ಸೈಲೆನ್ಸರಿನ ಸದ್ದು ಒಂದೇ ಸಮನೆ ಬಾರದೆ ನಡುನಡುವೆ ಒಂದು ಪೆಟ್ಟನ್ನು ನುಂಗಿಕೊಂಡಂತೆ ಕೇಳುತ್ತದೆ. ಗ್ಯಾರೇಜಿನಲ್ಲಿ ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಸಿಲಿಂಡರಿನೊಳಕ್ಕೆ ಬಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿಯದೆ, ಅಥವಾ ಅರೆಬರೆ ಉರಿದು ಹೊರಗೆ ಹೋಗುವುದೇ ಮಿಸ್ಸಿಂಗ್. ಈ ಬರಹದಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ) ಇರುವ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರವರೆಗೆ ತಯಾರಾದ ಈ ಕಾರು ಇಂದಿಗೂ ನಮ್ಮ ಊರುಗಳಲ್ಲಿ ಸಾಕಷ್ಟು ಓಡಾಡುತ್ತಿದೆ, ಇದರ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನೇ ಓಮ್ನಿಯಲ್ಲೂ ಇತ್ತು, ಮತ್ತು ಬಾನೆಟ್ ಎತ್ತಿದರೆ ಎಲ್ಲ ಭಾಗಗಳೂ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಇರುವ ಕೆಲವೇ ಕಾರುಗಳಲ್ಲಿ ಇದೂ ಒಂದು. ಇಲ್ಲಿ ಹೇಳಿರುವ ಕ್ರಮ ಪದ್ಮಿನಿ, ಝೆನ್, ಎಸ್ಟೀಮ್ ಮೊದಲಾದ ಹಳೆಯ ಪೆಟ್ರೋಲ್ ಕಾರುಗಳಿಗೂ ಸಣ್ಣಪುಟ್ಟ ವ್ಯತ್ಯಾಸಗಳೊಡನೆ ಹೊಂದುತ್ತದೆ.

ಕಾರು ಮಿಸ್ ಹೊಡೆಯತೊಡಗಿದ ಕೂಡಲೇ ಬಹುತೇಕರ ಕೈ ಹೋಗುವುದು ಕಾರ್ಬೊರೇಟರಿನ ಸ್ಕ್ರೂಗಳ ಕಡೆಗೆ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೇನೆ. ಒಂದೇ ಮಳೆಗಾಲದಲ್ಲಿ ಎರಡು ಬಾರಿ ಕಾರ್ಬೊರೇಟರ್ ಬಿಚ್ಚಿಸಿ ತೊಳೆಸಿದ ಮೇಲೆ, ದೋಷವಿದ್ದದ್ದು ಸಿಲಿಂಡರುಗಳಿಗೆ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಗಿನ ಕೂದಲೆಳೆಯಂಥ ಬಿರುಕಿನಲ್ಲಿ ಎಂಬುದು ತಿಳಿಯಿತು. ಕಾರ್ಬೊರೇಟರಿನ ತಪ್ಪಿದ್ದರೆ ಸಾಮಾನ್ಯವಾಗಿ ಮೂರೂ ಸಿಲಿಂಡರುಗಳು ಒಟ್ಟಿಗೇ ಸೊರಗುತ್ತವೆ. ಒಂದೇ ಸಿಲಿಂಡರ್ ಕೈಕೊಟ್ಟಿದ್ದರೆ ಮೂರಕ್ಕೂ ಒಂದೇ ಆಗಿರುವ ಕಾರ್ಬೊರೇಟರನ್ನು ದೂರುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ‘ಯಾವ ಭಾಗ ಕೆಟ್ಟಿದೆ’ ಎಂದು ಕೇಳುವ ಮೊದಲು ‘ಯಾವ ಸಿಲಿಂಡರ್ ಉರಿಯುತ್ತಿಲ್ಲ’ ಎಂದು ಕೇಳಬೇಕು. ಆ ಉತ್ತರ ಸಿಗುವ ತನಕ ಒಂದು ಬಿಡಿಭಾಗವನ್ನೂ ಕೊಳ್ಳಬೇಕಾಗಿಲ್ಲ.

ನಡುಕವೆಲ್ಲ ಮಿಸ್ಸಿಂಗ್ ಅಲ್ಲ

ಮೂರು ಸಿಲಿಂಡರಿನ ಎಂಜಿನ್ ಹುಟ್ಟಿನಿಂದಲೇ ಸ್ವಲ್ಪ ತೂಗಾಡುವಂಥದ್ದು. ಕ್ರ್ಯಾಂಕ್ ಶಾಫ್ಟ್ 240 ಡಿಗ್ರಿ ತಿರುಗಿದಾಗಲೊಮ್ಮೆ ಒಂದು ಸಿಲಿಂಡರ್ ಉರಿಯುತ್ತದೆ, ಉರಿಯುವ ಸರದಿ 1-3-2. ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗ ಎಂಜಿನ್ ಓಡುವ ವೇಗ, ನಿಮಿಷಕ್ಕೆ 900 ಸುತ್ತು ಎಂದಿಟ್ಟುಕೊಂಡರೆ ಸೆಕೆಂಡಿಗೆ ಒಟ್ಟು 22 ಅಥವಾ 23 ಉರಿತಗಳಾಗುತ್ತವೆ. ಅಷ್ಟು ವೇಗದ ಕಂಪನವನ್ನು ಎಂಜಿನ್ ಕೂರಿಸಿರುವ ಮೌಂಟಿಂಗ್‌ನ ರಬ್ಬರ್ ಹೀರಿಕೊಳ್ಳುತ್ತದೆ. ಒಂದು ಸಿಲಿಂಡರ್ ಸತ್ತರೆ ಸೆಕೆಂಡಿಗೆ ಏಳೆಂಟು ಬಾರಿ ಎಂಜಿನ್ ಕುಸಿದು ಏಳುತ್ತದೆ. ಈ ನಿಧಾನದ ಕುಲುಕಾಟವನ್ನು ಯಾವ ರಬ್ಬರೂ ಹೀರಲಾರದು, ಅದು ನೇರವಾಗಿ ಸೀಟಿಗೆ ಬರುತ್ತದೆ. ಶಕ್ತಿಯ ಮೂರನೇ ಒಂದು ಭಾಗ ಹೋಗಿರುವುದರಿಂದ ಸಣ್ಣ ಏರಿನಲ್ಲಿಯೂ ಎರಡನೇ ಗೇರಿಗೆ ಇಳಿಸಬೇಕಾಗುತ್ತದೆ.

ಹಾಗಾಗಿ ಮೊದಲು ಮೌಂಟಿಂಗ್ ದೋಷವನ್ನು ಬೇರ್ಪಡಿಸಿಕೊಳ್ಳಿ. ಒಬ್ಬರು ಗಾಡಿಯೊಳಗೆ ಕುಳಿತು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಲಿ, ಇನ್ನೊಬ್ಬರು ಸೈಲೆನ್ಸರಿನ ಬಾಯಿಂದ ಒಂದು ಗೇಣು ದೂರದಲ್ಲಿ ತೆಳುವಾದ ಕಾಗದದ ಪಟ್ಟಿಯೊಂದನ್ನು ಹಿಡಿಯಲಿ. ಸದ್ದು ಒಂದೇ ಸಮನಾಗಿದ್ದು, ಕಾಗದ ಒಂದೇ ಸಮನೆ ಹೊರಕ್ಕೆ ತೊನೆಯುತ್ತಿದ್ದು, ಆದರೂ ಗಾಡಿಯ ಒಡಲು ನಡುಗುತ್ತಿದ್ದರೆ ತಪ್ಪು ಬಹುಮಟ್ಟಿಗೆ ಮೌಂಟಿಂಗ್ ರಬ್ಬರಿನದು. ಕಾಗದ ತಾಳ ತಪ್ಪಿ ನಡುನಡುವೆ ನಿಂತರೆ ಅದು ಮಿಸ್ಸಿಂಗ್. ನಿಂತದ್ದಷ್ಟೇ ಅಲ್ಲದೆ ಕಾಗದ ಕೊಳವೆಯ ಕಡೆಗೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲವೆಂಬ ಅನುಮಾನವನ್ನೂ ಬರೆದಿಟ್ಟುಕೊಳ್ಳಿ.

ಉಪಕರಣ ಮುಟ್ಟುವ ಮುನ್ನ ಕೇಳಿಕೊಳ್ಳಬೇಕಾದದ್ದು

ಮಿಸ್ಸಿಂಗ್ ಯಾವಾಗ ಬರುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿರುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲದ ಬೆಳಗ್ಗೆ ಮಾತ್ರ ಬಂದು, ಎಂಜಿನ್ ಬಿಸಿಯಾದ ಹತ್ತು ನಿಮಿಷಕ್ಕೆ ಮಾಯವಾಗುವುದಾದರೆ ತೇವ ಹಿಡಿದ ಕ್ಯಾಪ್ ಮತ್ತು ಪ್ಲಗ್ ವೈರುಗಳನ್ನು ನೋಡಬೇಕು. ತಣ್ಣಗಿರುವಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಕಾಡಿದರೆ ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಸುರುಳಿ), ಅದನ್ನು ನಡೆಸುವ ಇಗ್ನಿಷನ್ ಮಾಡ್ಯೂಲ್ ಅಥವಾ ಬಿಗಿಯಾದ ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಆಗಿರಬಹುದು. ಐಡ್ಲಿಂಗ್‌ನಲ್ಲಿ ಒರಟಾಗಿದ್ದು ವೇಗ ಹೆಚ್ಚಿದಂತೆ ಸರಿಹೋದರೆ ಎಲ್ಲಿಂದಲೋ ಗಾಳಿ ಸೋರಿ ಒಳಬರುತ್ತಿದೆ, ಇಲ್ಲವೇ ಐಡಲ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಹೋಗುವ ಕಾರ್ಬೊರೇಟರಿನ ಸಣ್ಣ ತೂತು) ಕಟ್ಟಿಕೊಂಡಿದೆ, ಇಲ್ಲವೇ ವಾಲ್ವ್ ಸೋರುತ್ತಿದೆ. ಐಡ್ಲಿಂಗ್ ಸರಿಯಾಗಿಯೇ ಇದ್ದು ಏರಿನಲ್ಲಿ ಪೂರ್ತಿ ಒತ್ತಿದಾಗ ಮಾತ್ರ ಮುಗ್ಗರಿಸಿದರೆ ಪ್ಲಗ್, ವೈರ್ ಅಥವಾ ಪೆಟ್ರೋಲಿನ ಹರಿವು ಕಡಿಮೆಯಾಗಿರುವುದು ಕಾರಣವಾಗಿರುತ್ತದೆ, ಏಕೆಂದರೆ ಸಿಲಿಂಡರಿನಲ್ಲಿ ಒತ್ತಡ ಏರಿದಷ್ಟೂ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು.

ಇನ್ನೊಂದು ಸಾಕ್ಷ್ಯ ನಿಮ್ಮ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಈಗಾಗಲೇ ಇದೆ: ಎಮಿಷನ್ ಟೆಸ್ಟ್ ಚೀಟಿ. ಅದನ್ನು ಪೊಲೀಸರಿಗೆ ತೋರಿಸುವ ಕಾಗದವೆಂದಷ್ಟೇ ನಾವು ಎಣಿಸುತ್ತೇವೆ. ಆದರೆ ಅದರಲ್ಲಿ ಎಂಜಿನ್ನಿನ ಆರೋಗ್ಯ ಎರಡು ಅಂಕಿಗಳಲ್ಲಿ ಅಚ್ಚಾಗಿರುತ್ತದೆ. ಹೊಗೆ ನಿಯಮದ ಹಂತವಾದ ಭಾರತ್ ಸ್ಟೇಜ್ 2ಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3 ಮತ್ತು ಹೈಡ್ರೋಕಾರ್ಬನ್ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು) ಮೀರಬಾರದು. ಭಾರತ್ ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಈ ಮಿತಿ ಶೇ. 0.5 ಮತ್ತು 750 ಪಿಪಿಎಂ. ಹೈಡ್ರೋಕಾರ್ಬನ್ ಎಂದರೆ ಉರಿಯದೆ ಹೊರಬಿದ್ದ ಪೆಟ್ರೋಲ್. ಕಾರ್ಬನ್ ಮೊನಾಕ್ಸೈಡ್ ಎಂದರೆ ಗಾಳಿ ಸಾಲದೆ ಅರ್ಧ ಉರಿದ ಪೆಟ್ರೋಲ್. ಎರಡೂ ಏರಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ. ಹೈಡ್ರೋಕಾರ್ಬನ್ ಮಾತ್ರ ವಿಪರೀತ ಏರಿ ಮೊನಾಕ್ಸೈಡ್ ಕಡಿಮೆಯೇ ಇದ್ದರೆ ಕಿಡಿ ತಪ್ಪುತ್ತಿದೆ, ಇಲ್ಲವೇ ಮಿಶ್ರಣ ತೀರ ತೆಳುವಾಗಿ ಉರಿ ಹತ್ತುತ್ತಿಲ್ಲ. ಹಿಂದಿನ ಎರಡು ಮೂರು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತೊಂದರೆ ಯಾವ ತಿಂಗಳಿನಿಂದ ಶುರುವಾಯಿತೆಂಬುದೂ ಕಾಣಬಹುದು.

ಬೇಕಾದ ಸಾಮಾನು ಮತ್ತು ಎಚ್ಚರ

ಪ್ಲಗ್ ಸ್ಪ್ಯಾನರ್, ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್, ಗಿಡಗಳಿಗೆ ನೀರು ಚಿಮುಕಿಸುವ ಬಾಟಲಿ, ಒಂದು ಹೆಚ್ಚುವರಿ ಪ್ಲಗ್, ಎರಡೂ ತುದಿಗೆ ಕ್ಲಿಪ್ ಇರುವ ಒಂದು ವೈರ್: ಆರಂಭಕ್ಕೆ ಇಷ್ಟು ಸಾಕು. ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು), ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವುದು) ಮತ್ತು ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿಟುಕುವ ದೀಪ) ಸ್ವಂತಕ್ಕೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪರಿಚಯದ ಗ್ಯಾರೇಜಿನಿಂದ ಅರ್ಧ ದಿನಕ್ಕೆ ತಂದುಕೊಳ್ಳಬಹುದು.

ಪ್ಲಗ್ ವೈರಿನಲ್ಲಿ ಹತ್ತಾರು ಸಾವಿರ ವೋಲ್ಟ್ ಹರಿಯುತ್ತದೆ. ಎಂಜಿನ್ ಓಡುತ್ತಿರುವಾಗ ವೈರನ್ನು ಬರಿಗೈಯಲ್ಲಿ ಕೀಳುವ ಅಭ್ಯಾಸ ಗ್ಯಾರೇಜುಗಳಲ್ಲಿ ಕಾಣುವುದುಂಟು. ದಯವಿಟ್ಟು ಅದನ್ನು ಅನುಸರಿಸಬೇಡಿ, ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರಂತೂ ಈ ಕೆಲಸದ ಹತ್ತಿರವೇ ಹೋಗಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಸೀರೆಯ ಸೆರಗು, ದುಪಟ್ಟಾ, ಸಡಿಲವಾದ ತೋಳು, ಕೈಗಡಿಯಾರ ಇವು ಫ್ಯಾನಿಗೂ ಬೆಲ್ಟಿಗೂ ಸಿಗದಂತೆ ನೋಡಿಕೊಳ್ಳಿ. ವಿದ್ಯುತ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನಾಗಿಯೇ ತಿರುಗಬಲ್ಲದು.

ಕಣ್ಣಿನ ಪರೀಕ್ಷೆ

ಬಾನೆಟ್ ಎತ್ತಿ ಹತ್ತು ನಿಮಿಷ ಸುಮ್ಮನೆ ನೋಡಿ. ಬ್ಯಾಟರಿ ಟರ್ಮಿನಲ್ ಬಿಗಿಯಾಗಿದೆಯೇ, ಎಂಜಿನ್ನಿನಿಂದ ಒಡಲಿಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆಯೇ, ಪ್ಲಗ್ ವೈರುಗಳು ಕ್ಯಾಪಿನಲ್ಲಿ ಪೂರ್ತಿ ಕೂತಿವೆಯೇ, ಸಣ್ಣ ರಬ್ಬರ್ ಪೈಪುಗಳ ತುದಿ ಬಿರಿದಿದೆಯೇ ಎಂದು ಒಂದೊಂದಾಗಿ ಬೆರಳಿನಿಂದ ಮುಟ್ಟಿ ಪರೀಕ್ಷಿಸಬೇಕು. ವಾರಗಟ್ಟಲೆ ನಿಂತಿದ್ದ ಗಾಡಿಯಾದರೆ ಇಲಿ ಹೊಕ್ಕಿರುವ ಸಾಧ್ಯತೆ ನಾವು ಎಣಿಸುವುದಕ್ಕಿಂತ ಹೆಚ್ಚು. ಅದು ವೈರ್ ಕಡಿದರೆ ತಕ್ಷಣ ಕಾಣುತ್ತದೆ, ವ್ಯಾಕ್ಯೂಮ್ ಪೈಪಿನ ಕೆಳಬದಿಯನ್ನು ಕೊರೆದಿದ್ದರೆ ಕನ್ನಡಿ ಹಿಡಿದು ನೋಡಬೇಕಾಗುತ್ತದೆ. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಹಾಯದಿದ್ದರೆ ಅದನ್ನು ಬದಲಿಸಿದ ಬಳಿಕವೇ ಮುಂದಿನ ಪರೀಕ್ಷೆ.

ಉರಿಯದ ಸಿಲಿಂಡರನ್ನು ಹುಡುಕುವುದು

ಇಡೀ ಕೆಲಸದ ಜೀವಾಳ ಈ ಹಂತ. ಎಂಜಿನ್ ಬಿಸಿಯಾಗಲಿ, ಚೋಕ್ ಪೂರ್ತಿ ಒಳಗಿರಲಿ, ಐಡ್ಲಿಂಗ್ ನಿಲ್ಲದಿದ್ದರೆ ಐಡಲ್ ಸ್ಕ್ರೂ ಸ್ವಲ್ಪ ಏರಿಸಿ 1000 ಸುತ್ತಿನ ಆಸುಪಾಸಿಗೆ ತನ್ನಿ. ಎಷ್ಟು ತಿರುಗಿಸಿದಿರೆಂದು ಬರೆದಿಡಿ. ಈಗ ಎಂಜಿನ್ ನಿಲ್ಲಿಸಿ ಒಂದನೇ ಸಿಲಿಂಡರಿನ, ಅಂದರೆ ಟೈಮಿಂಗ್ ಬೆಲ್ಟ್ ಬದಿಯ ಸಿಲಿಂಡರಿನ ಪ್ಲಗ್ ವೈರನ್ನು ಬುಡದ ರಬ್ಬರ್ ಹಿಡಿದು ತೆಗೆಯಿರಿ. ಆ ವೈರಿಗೆ ಹೆಚ್ಚುವರಿ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಕ್ಲಿಪ್ ವೈರಿನ ಮೂಲಕ ಎಂಜಿನ್ನಿನ ಬರಿ ಲೋಹಕ್ಕೆ ಸೇರಿಸಿ, ಪೆಟ್ರೋಲ್ ಪೈಪಿನಿಂದ ದೂರವಿರಿಸಿ. ಹೀಗೆ ಮಾಡಿದರೆ ಕಿಡಿಗೆ ಹರಿಯಲು ದಾರಿ ಇರುತ್ತದೆ. ವೈರನ್ನು ಸುಮ್ಮನೆ ತೂಗುಬಿಟ್ಟರೆ ದಾರಿ ಕಾಣದ ವೋಲ್ಟೇಜ್ ಕಾಯಿಲನ್ನೋ ಎಲೆಕ್ಟ್ರಾನಿಕ್ ಮಾಡ್ಯೂಲನ್ನೋ ಸುಟ್ಟುಬಿಡಬಹುದು.

ಎಂಜಿನ್ ಚಾಲೂ ಮಾಡಿ ವೇಗ ಎಷ್ಟು ಇಳಿಯಿತು, ನಡುಕ ಎಷ್ಟು ಹೆಚ್ಚಿತು ಎಂದು ಗಮನಿಸಿ, ಅರ್ಧ ನಿಮಿಷದೊಳಗೆ ನಿಲ್ಲಿಸಿ. ಹೀಗೆಯೇ ಎರಡನೆಯದು, ಮೂರನೆಯದು. ಆರೋಗ್ಯವಾಗಿರುವ ಸಿಲಿಂಡರಿನ ವೈರ್ ತೆಗೆದರೆ ಎಂಜಿನ್ ಥಟ್ಟನೆ ಸೊರಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಯಾವ ಸಿಲಿಂಡರಿನ ವೈರ್ ತೆಗೆದರೂ ಎಂಜಿನ್ ಹಾಗೆಯೇ ಇರುತ್ತದೆಯೋ ಅದೇ ಸತ್ತ ಸಿಲಿಂಡರ್. ಮೂರರಲ್ಲೂ ಒಂದೇ ಬಗೆಯ ಇಳಿತ ಕಂಡರೆ ದೋಷ ಮೂರಕ್ಕೂ ಸಮಾನವಾದ ಭಾಗದಲ್ಲಿದೆ: ಕಾಯಿಲ್, ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್, ಕಾಯಿಲಿನ ವಿದ್ಯುತ್ತನ್ನು ಕೂಡಿಸಿ ಕಡಿಯುವ ಪಾಯಿಂಟ್, ಕಾರ್ಬೊರೇಟರ್, ಕಿಡಿಯ ಟೈಮಿಂಗ್ ಅಥವಾ ದೊಡ್ಡ ಗಾಳಿ ಸೋರಿಕೆ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಾದರೆ ಈ ಪರೀಕ್ಷೆಯನ್ನು ಇನ್ನೂ ಚುಟುಕಾಗಿ ಮುಗಿಸಬೇಕು, ಏಕೆಂದರೆ ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಒಳಗಿನ ಜಾಲರಿಯನ್ನೇ ಕರಗಿಸಬಲ್ಲದು.

ಪ್ಲಗ್ ಹೇಳುವ ಕಥೆ

ಎಂಜಿನ್ ತಣ್ಣಗಾದ ಮೇಲೆ ಪ್ಲಗ್ಗುಗಳ ಬುಡದ ದೂಳನ್ನು ಊದಿ ತೆಗೆದು, ಮೂರನ್ನೂ ಬಿಚ್ಚಿ, ರಟ್ಟಿನ ಮೇಲೆ 1, 2, 3 ಎಂದು ಬರೆದು ಸಾಲಾಗಿ ಇಡಿ. ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು; ಬಿಸಿಯಿರುವಾಗ ಬಿಚ್ಚಿದರೆ ಪ್ಲಗ್ ತೂತಿನ ಮರೆ (ಥ್ರೆಡ್) ಕಿತ್ತುಬರುವ ಅಪಾಯವಿದೆ. ತುದಿ ತೆಳು ಕಂದು ಅಥವಾ ಬೂದುಬಣ್ಣವಿದ್ದರೆ ಆ ಸಿಲಿಂಡರ್ ಸರಿಯಾಗಿ ಉರಿಯುತ್ತಿದೆ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಚೋಕ್ ಪೂರ್ತಿ ತೆರೆಯುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಆದರೆ ಉರಿಯುತ್ತಿಲ್ಲ; ಕಿಡಿಯ ದಾರಿಯನ್ನೋ ಕಂಪ್ರೆಷನ್ನನ್ನೋ ನೋಡಬೇಕು. ಜಿಡ್ಡು ಜಿಡ್ಡಾಗಿ ಹೊಳೆಯುತ್ತಿದ್ದರೆ ಆಯಿಲ್ ಮೇಲೇರುತ್ತಿದೆ, ಅಂದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳುವಾಗಿದೆ. ಮೂರರಲ್ಲಿ ಒಂದೇ ಪ್ಲಗ್ ತೊಳೆದಿಟ್ಟಂತೆ ಚೊಕ್ಕಟವಾಗಿದ್ದರೆ ಸಂತೋಷಪಡಬೇಡಿ, ಹೆಡ್ ಗ್ಯಾಸ್ಕೆಟ್ ಸೋರಿ ರೇಡಿಯೇಟರ್ ನೀರು ಒಳಗೆ ಹೋಗುತ್ತಿರಬಹುದು.

ಪಿಂಗಾಣಿಯ ಮೇಲೆ ಸೀಸದ ಕಡ್ಡಿಯಿಂದ ಗೀಚಿದಂಥ ಕಪ್ಪು ಗೆರೆ ಕಂಡರೆ ಕಿಡಿ ಹೊರಮೈಯಲ್ಲೇ ಹರಿದು ಹೋಗುತ್ತಿದೆ ಎಂದರ್ಥ. ಅಂಥ ಪ್ಲಗ್ಗನ್ನು ಎಸೆಯಿರಿ, ಅದಕ್ಕೆ ಜೋಡಿಸಿದ್ದ ವೈರಿನ ರಬ್ಬರ್ ಟೋಪಿಯನ್ನೂ ಅನುಮಾನಿಸಿ. ಕಾರ್ಬೊರೇಟರ್ ಕಾಲದ ಗಾಡಿಗಳಲ್ಲಿ ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು ಬಿಗಿದರೆ ವಾಷರ್ ಒತ್ತಿಕೊಳ್ಳುತ್ತದೆ. ಹಳೆಯ ಪ್ಲಗ್ಗೇ ಆದರೆ ಬೆರಳಿನ ಬಿಗಿಯ ನಂತರ ಚೂರೇ ಚೂರು ಸಾಕು.

ಕಿಡಿಯ ದಾರಿ

ಸತ್ತ ಸಿಲಿಂಡರ್ ಎರಡನೆಯದು ಎಂದಿಟ್ಟುಕೊಳ್ಳೋಣ. ಅದರ ಪ್ಲಗ್ಗನ್ನು ಮೂರನೆಯದರ ಪ್ಲಗ್ಗಿನೊಡನೆ ಅದಲುಬದಲು ಮಾಡಿ ಮತ್ತೆ ಹಿಂದಿನ ಪರೀಕ್ಷೆ ನಡೆಸಿ. ಮಿಸ್ಸಿಂಗ್ ಮೂರನೆಯದಕ್ಕೆ ಹಾರಿದರೆ ಪ್ಲಗ್ ಕೆಟ್ಟಿದೆ, ಕಥೆ ಮುಗಿಯಿತು. ಹಾರದಿದ್ದರೆ ಈಗ ವೈರನ್ನು ಬದಲಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ವೈರ್, ಕ್ಯಾಪ್ ಮೂರನ್ನೂ ಒಟ್ಟಿಗೆ ಹೊಸದು ಹಾಕಿಸಿದರೆ ಗಾಡಿ ಸರಿಹೋಗಬಹುದು, ಆದರೆ ಏನು ಕೆಟ್ಟಿತ್ತೆಂದು ತಿಳಿಯುವುದಿಲ್ಲ, ಮೂರು ತಿಂಗಳಿಗೆ ಮತ್ತೆ ಬಂದರೆ ಮತ್ತೆ ಮೊದಲಿನಿಂದ ಶುರು.

ಪ್ಲಗ್ ವೈರುಗಳ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆಯಬಹುದು. ಕಾರ್ಬನ್ ಎಳೆಯ ವೈರಾದರೆ ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಕಿಲೋ ಓಮ್ ಇರುತ್ತದೆ. ಉದ್ದಕ್ಕೆ ತಕ್ಕಂತೆ ಅಂಕಿ ಬದಲಾಗುವುದು ಸಹಜ. ಒಂದು ವೈರ್ ಮಾತ್ರ ಉಳಿದವುಗಳ ಹಲವು ಪಟ್ಟು ತೋರಿಸಿದರೆ, ಅಥವಾ ಬಗ್ಗಿಸಿದಾಗ ಅಂಕಿ ಜಿಗಿದರೆ ಒಳಗೆ ಎಳೆ ತುಂಡಾಗಿದೆ. ರೋಧ ಸರಿಯಿದ್ದೂ ಹೊರಪದರ ಬಿರಿದು ಕಿಡಿ ಸೋರುವುದನ್ನು ಮೀಟರ್ ತೋರಿಸಲಾರದು. ಅದಕ್ಕೆ ಕತ್ತಲೆಯೇ ಸಾಧನ. ರಾತ್ರಿ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ವೈರುಗಳ ಮೇಲೆ ಬಾಟಲಿಯಿಂದ ನೀರನ್ನು ಮಂಜಿನಂತೆ ಚಿಮುಕಿಸಿದರೆ ಸೋರುವ ಜಾಗದಲ್ಲಿ ನೀಲಿ ಮಿಂಚು ಕುಣಿಯುತ್ತದೆ, ಚಟಚಟ ಸದ್ದು ಕೇಳುತ್ತದೆ.

ಡಿಸ್ಟ್ರಿಬ್ಯೂಟರ್ ಕ್ಯಾಪನ್ನು ತೆಗೆದು ಒಳಭಾಗವನ್ನು ಹಗಲು ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಎರಡು ಕಂಬಗಳ ನಡುವೆ ಕೂದಲಿನಂಥ ಕಪ್ಪು ಗೆರೆ ಇದ್ದರೆ ಅದು ಇಂಗಾಲದ ದಾರಿ. ಉಜ್ಜಿದರೆ ಹೋಗುವುದಿಲ್ಲ, ಕ್ಯಾಪ್ ಬದಲಿಸಬೇಕು. ನಡುವಿನ ಕಾರ್ಬನ್ ಗುಂಡಿ ಸ್ಪ್ರಿಂಗಿನ ಮೇಲೆ ಆಡುತ್ತಿರಬೇಕು. ರೋಟರಿನ ತುದಿ ಸುಟ್ಟು ಮೊಂಡಾಗಿದ್ದರೆ ಅದೂ ಹೊಸದು ಬರಲಿ, ಈ ಎರಡೂ ದುಬಾರಿಯಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಮಾರುತಿ 800ರದ್ದು ಹುಡುಕುವುದು ಕಷ್ಟವೂ ಅಲ್ಲ. ತೇವವಷ್ಟೇ ಇದ್ದರೆ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದರೆ ಸಾಕು, ಆದರೆ ತೇವ ಒಳಹೋಗಲು ಬಿರುಕೋ ಹರಿದ ರಬ್ಬರ್ ಟೋಪಿಯೋ ಕಾರಣವಾಗಿರುವುದರಿಂದ ಅದನ್ನೂ ಹುಡುಕಿ.

ಪಾಯಿಂಟ್ ಇರುವ ಹಳೆಯ ಗಾಡಿಗಳಲ್ಲಿ ಪಾಯಿಂಟ್ ಗ್ಯಾಪ್ ಸಾಮಾನ್ಯವಾಗಿ 0.4ರಿಂದ 0.5 ಮಿ.ಮೀ. ಇರುತ್ತದೆ, ಪಾಯಿಂಟಿನ ಮುಖ ನೀಲಿಗಟ್ಟಿ ಸುಟ್ಟಿದ್ದರೆ ಅದರ ಜೊತೆಗಾರ ಕಂಡೆನ್ಸರನ್ನೂ ಬದಲಿಸಬೇಕು. ಕಾಯಿಲ್ ಪರೀಕ್ಷೆಯಲ್ಲಿ ಒಂದು ಮೋಸವಿದೆ. ಹೊರಗಿನ ಗಾಳಿಯಲ್ಲಿ 0.8 ಮಿ.ಮೀ. ಗ್ಯಾಪಿಗೆ ಕಿಡಿ ಹಾರಿದರೆ ಕಾಯಿಲ್ ಚೆನ್ನಾಗಿದೆ ಎಂದು ನಂಬಿಬಿಡುತ್ತೇವೆ. ಸಿಲಿಂಡರಿನೊಳಗಿನ ಒತ್ತಡದಲ್ಲಿ ಅದೇ ಗ್ಯಾಪ್ ದಾಟಲು ಹಲವು ಪಟ್ಟು ವೋಲ್ಟೇಜ್ ಬೇಕಾಗುವುದರಿಂದ, ಪರೀಕ್ಷೆಗೆ ಗ್ಯಾಪನ್ನು 5ರಿಂದ 6 ಮಿ.ಮೀ. ಇರಿಸಬಲ್ಲ ಸ್ಪಾರ್ಕ್ ಟೆಸ್ಟರ್ ಬಳಸಬೇಕು. ಅಲ್ಲೂ ನೀಲಿಯಾದ, ಟಪಟಪ ಸದ್ದಿನ ಕಿಡಿ ಬಂದರೆ ಕಾಯಿಲ್ ಗಟ್ಟಿ. ಹಳದಿ ಮಿಶ್ರಿತ ಕೆಂಪು ಕಿಡಿ ಬಲಹೀನತೆಯ ಗುರುತು. ಬಿಸಿಯಾದ ಮೇಲೆ ಮಾತ್ರ ತೊಂದರೆ ಇರುವ ಗಾಡಿಯಲ್ಲಿ ಈ ಪರೀಕ್ಷೆಯನ್ನು ಬಿಸಿಯಾದ ಮೇಲೆಯೇ ಮಾಡಬೇಕೆಂಬುದನ್ನು ಮರೆಯಬಾರದು.

ಟೈಮಿಂಗ್ ಲೈಟ್ ಇದ್ದರೆ ಅದರ ಕ್ಲಿಪ್ಪನ್ನು ಒಂದೊಂದೇ ವೈರಿಗೆ ಸಿಕ್ಕಿಸಿ ಬೆಳಕನ್ನು ನೋಡಿ. ಬೆಳಕು ತಪ್ಪದೆ ಒಂದೇ ಸಮನೆ ಮಿಟುಕುತ್ತಿದ್ದೂ ಸಿಲಿಂಡರ್ ಸತ್ತಿದ್ದರೆ ವೈರಿನವರೆಗೆ ಕಿಡಿ ತಲುಪುತ್ತಿದೆ; ಪ್ಲಗ್ಗನ್ನು ಆಗಲೇ ಬದಲಿಸಿ ನೋಡಿದ್ದರೆ ಹುಡುಕಾಟ ಗಾಳಿ ಮತ್ತು ಕಂಪ್ರೆಷನ್ ಕಡೆಗೆ ಹೋಗಲಿ. ಬೆಳಕೇ ನಡುನಡುವೆ ತಪ್ಪಿದರೆ ಇನ್ನೂ ಕಿಡಿಯ ದಾರಿಯಲ್ಲೇ ಇರಿ. ಈ ಅಗ್ಗದ ಉಪಾಯವನ್ನು ಬಳಸುವವರು ಯಾಕೋ ಕಡಿಮೆ.

ಕದ್ದು ಒಳಬರುವ ಗಾಳಿ

ಕಾರ್ಬೊರೇಟರನ್ನು ದಾಟಿ ಬಂದ ಗಾಳಿಗೆ ಅಳತೆಯ ಪೆಟ್ರೋಲ್ ಸಿಕ್ಕಿರುತ್ತದೆ. ಅದರ ಕೆಳಗಿನ ಗ್ಯಾಸ್ಕೆಟ್, ಇನ್‌ಟೇಕ್ ಮ್ಯಾನಿಫೋಲ್ಡಿನ ಜೋಡಣೆ, ಎಂಜಿನ್ನಿನೊಳಗಿನ ಹೊಗೆಯನ್ನು ಮತ್ತೆ ಒಳಕ್ಕೆ ಕಳಿಸುವ ಪಿಸಿವಿ ವಾಲ್ವ್, ಬ್ರೇಕ್ ಬೂಸ್ಟರ್ ಇದ್ದರೆ ಅದರ ಪೈಪ್, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್ ಇವುಗಳ ಮೂಲಕ ನುಸುಳಿದ ಗಾಳಿಗೆ ಸಿಕ್ಕಿರುವುದಿಲ್ಲ. ಥ್ರಾಟಲ್ ಮುಚ್ಚಿರುವ ಐಡ್ಲಿಂಗ್‌ನಲ್ಲಿ ಎಳೆತ ಅತಿ ಹೆಚ್ಚು ಇರುವುದರಿಂದ ಸೋರಿಕೆಯ ಕಾಟವೂ ಆಗಲೇ ಹೆಚ್ಚು. ಎಂಜಿನ್ ಓಡುತ್ತಿರುವಾಗ ಒಂದೊಂದೇ ರಬ್ಬರ್ ಪೈಪನ್ನು ಮೆತ್ತಗೆ ಹಿಸುಕಿ ಹಿಡಿಯಿರಿ. ಯಾವುದನ್ನು ಹಿಸುಕಿದಾಗ ಎಂಜಿನ್ ಸುಧಾರಿಸುತ್ತದೆಯೋ ಆ ಪೈಪಿನ ಆಚೆ ಸೋರಿಕೆ ಇದೆ. ಜೋಡಣೆಗಳ ಮೇಲೆ ನೀರನ್ನು ಚಿಮುಕಿಸಿದಾಗ ಸದ್ದು ಬದಲಾದರೆ, ಸೀಟಿಯಂಥ ಸದ್ದು ಕ್ಷಣಕಾಲ ನಿಂತರೆ ಅಲ್ಲೇ ಬಿರುಕು. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇಯಿಂದ ಇದೇ ಪರೀಕ್ಷೆ ಮಾಡುವವರಿದ್ದಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ, ಸೋರುವ ವೈರುಗಳಿರುವ ಗಾಡಿಯಲ್ಲಿ ಅದು ಬೆಂಕಿಯ ಜೊತೆ ಆಟ. ನೀರು ಸಾಕು, ಆದರೆ ಅದನ್ನು ಡಿಸ್ಟ್ರಿಬ್ಯೂಟರಿನ ಕಡೆಗೆ ಹಾರಿಸಬೇಡಿ.

ವ್ಯಾಕ್ಯೂಮ್ ಗೇಜ್ ಬಳಸುವವರಿಗೆ ಒಂದು ಎಚ್ಚರಿಕೆ. ಕೈಪಿಡಿಗಳಲ್ಲಿ ಆರೋಗ್ಯವಂತ ಎಂಜಿನ್ನಿಗೆ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ಎಂದಿರುವುದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ಮಂಗಳೂರಿನಲ್ಲಿ 18 ತೋರುವ ಎಂಜಿನ್, ಸುಮಾರು 3000 ಅಡಿ ಎತ್ತರದ ಬೆಂಗಳೂರಿಗೆ ಬಂದರೆ 15 ತೋರುತ್ತದೆ, ಅದರಲ್ಲಿ ರೋಗವೇನೂ ಇಲ್ಲ. ಅಂಕಿಗಿಂತ ಮುಳ್ಳಿನ ನಡತೆ ಮುಖ್ಯ: ನಿಶ್ಚಲವಾಗಿದ್ದು ತುಂಬ ಕೆಳಗಿದ್ದರೆ ಗಾಳಿ ಸೋರಿಕೆ ಅಥವಾ ಹಿಂದೆ ಬಿದ್ದ ಟೈಮಿಂಗ್, ತಾಳಬದ್ಧವಾಗಿ ಕುಸಿದೇಳುತ್ತಿದ್ದರೆ ಒಂದು ವಾಲ್ವ್, ನಿಧಾನವಾಗಿ ಅತ್ತಿತ್ತ ತೇಲುತ್ತಿದ್ದರೆ ಮಿಶ್ರಣ.

ಟ್ಯಾಪೆಟ್ ಮತ್ತು ಕಂಪ್ರೆಷನ್

ಇದನ್ನು ಕಾರ್ಬೊರೇಟರಿಗಿಂತ ಮೊದಲೇ ಪರೀಕ್ಷಿಸಬೇಕೆಂಬುದು ನನ್ನ ಪಟ್ಟು. ವಾಲ್ವ್ ಸೋರುವ ಎಂಜಿನ್ನಿನಲ್ಲಿ ಎಂಥ ಕುಶಲಿಯೂ ಐಡ್ಲಿಂಗ್ ಸೆಟ್ ಮಾಡಲಾರ. ಎಂಜಿನ್ ಬಿಸಿ ಮಾಡಿ, ಬಿಸಿ ತುಸು ಇಳಿದ ಮೇಲೆ ಎಚ್ಚರದಿಂದ ಮೂರೂ ಪ್ಲಗ್ ತೆಗೆದು, ಕಾಯಿಲಿಗೆ ಹೋಗುವ ಸಂಪರ್ಕ ಬಿಡಿಸಿ, ಗೇಜನ್ನು ಪ್ಲಗ್ ತೂತಿಗೆ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಐದಾರು ಸುತ್ತು ಸ್ಟಾರ್ಟರ್ ತಿರುಗಿಸಿ. ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿರಬೇಕು. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ 11ರಿಂದ 13 ಕೆ.ಜಿ. ಬಂದರೆ ಒಳ್ಳೆಯ ಸ್ಥಿತಿ. ಬೆಂಗಳೂರು, ಹಾಸನದಂಥ ಎತ್ತರದಲ್ಲಿ ಸುಮಾರು ಶೇ. 10ರಷ್ಟು ಕಡಿಮೆ ಬರುವುದು ಸಹಜ. ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಅದು ಒಂದು ಕೆ.ಜಿ. ಮೀರಬಾರದು.

ಒಂದು ಸಿಲಿಂಡರ್ ಕಡಿಮೆ ತೋರಿದರೆ ಅದರೊಳಕ್ಕೆ ಒಂದು ಚಹಾ ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡೂ ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವುದು ಬಹುತೇಕ ಖಚಿತ, ಈ ಗಾಡಿ ಹಿಂದೆಂದಾದರೂ ನೀರಿಲ್ಲದೆ ಕಾದಿತ್ತೇ ಎಂದು ನೆನಪಿಸಿಕೊಳ್ಳಿ. ಮೂರೂ ಸಮನಾಗಿ ಕಡಿಮೆಯಿದ್ದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದೆಯೇ ನೋಡಿ.

ವಾಲ್ವ್ ಎಂದ ಕೂಡಲೇ ಹೆಡ್ ಇಳಿಸುವ ಮಾತಿಗೆ ಒಪ್ಪಬೇಡಿ. ಮೊದಲು ಟ್ಯಾಪೆಟ್ ಅಂತರ ಅಳೆಸಿ, ಗಾಡಿಯ ಕೈಪಿಡಿಯಲ್ಲಿರುವ ಅಳತೆಗೆ ತಂದು ಮತ್ತೆ ಕಂಪ್ರೆಷನ್ ನೋಡಿ. ಎಲ್‌ಪಿಜಿ ಕಿಟ್ ಹಾಕಿಸಿ ವರ್ಷಗಟ್ಟಲೆ ಓಡಿಸಿದ ಗಾಡಿಗಳಲ್ಲಿ ವಾಲ್ವ್ ಕೂರುವ ಸೀಟ್ ಸವೆದು ವಾಲ್ವ್ ಒಳಕ್ಕೆ ಸರಿಯುತ್ತದೆ, ಟ್ಯಾಪೆಟ್ ಅಂತರ ಕಿರಿದಾಗಿ ಕೊನೆಗೆ ಇಲ್ಲವಾಗುತ್ತದೆ, ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಟಕಟಕ ಸದ್ದು ಮಾಡುವ ಸಡಿಲ ಟ್ಯಾಪೆಟ್ ಕಿವಿಗೆ ಬೀಳುತ್ತದೆ. ಬಿಗಿಯಾದದ್ದು ಸದ್ದಿಲ್ಲದೆ ವಾಲ್ವನ್ನು ಸುಡುತ್ತದೆ.

ಕೊನೆಗೆ ಕಾರ್ಬೊರೇಟರ್

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಪೆಟ್ರೋಲಿನ ಕಡೆ ಬನ್ನಿ. ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತು, ಅದರಲ್ಲಿ ತುಕ್ಕಿನ ಪುಡಿ ಇದೆಯೇ ನೋಡಿ. ಟ್ಯಾಂಕ್ ಮುಚ್ಚಳ ಸಡಿಲಿಸಿದಾಗ ಗಾಡಿ ಸುಧಾರಿಸಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಐಡಲ್ ಸೋಲೆನಾಯ್ಡ್ ಇರುವ ಕಾರ್ಬೊರೇಟರಾದರೆ ಇಗ್ನಿಷನ್ ಕೀ ತಿರುಗಿಸಿದಾಗ ‘ಟಿಕ್’ ಎಂಬ ಸದ್ದು ಬರಬೇಕು. ಬಾರದಿದ್ದರೆ ಐಡ್ಲಿಂಗ್‌ಗೆ ಪೆಟ್ರೋಲೇ ಹೋಗುತ್ತಿಲ್ಲ, ಮತ್ತು ಅದು ಬರಿ ಒಂದು ಸಡಿಲ ವೈರಿನ ದೋಷವಾಗಿರಬಹುದು.

ಮಿಕ್ಸ್ಚರ್ ಸ್ಕ್ರೂವನ್ನು ಮುಟ್ಟುವ ಮೊದಲು ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತ ಎಷ್ಟು ಸುತ್ತಿಗೆ ಕೂತಿತೆಂದು ಎಣಿಸಿ ಬರೆದಿಟ್ಟು ಮತ್ತೆ ಅಲ್ಲಿಗೇ ತನ್ನಿ. ಒತ್ತಿ ಬಿಗಿದರೆ ಸೂಜಿಯ ತುದಿಗೆ ಗೆರೆ ಬಿದ್ದು ಕೆಡುತ್ತದೆ. ಎಂಜಿನ್ ಓಡುವಾಗ ಈ ಸ್ಕ್ರೂವನ್ನು ಒಳಗೆ ಹೊರಗೆ ತಿರುಗಿಸಿದರೂ ಎಂಜಿನ್ ಕಿವಿಗೊಡದಿದ್ದರೆ ಐಡಲ್ ಜೆಟ್ ಕಟ್ಟಿದೆ ಅಥವಾ ನೀವು ಕಂಡುಹಿಡಿಯದ ಗಾಳಿ ಸೋರಿಕೆ ಇನ್ನೂ ಇದೆ. ಜೆಟ್ಟನ್ನು ಸ್ಪ್ರೇ ಮತ್ತು ಗಾಳಿಯ ಒತ್ತಡದಿಂದ ಮಾತ್ರ ಬಿಡಿಸಬೇಕು. ತಂತಿ ತೂರಿದರೆ ತೂತು ಹಿಗ್ಗಿ ಅಳತೆ ಕೆಡುತ್ತದೆ.

ಈಗಿನ ಪೆಟ್ರೋಲಿನ ಬಗ್ಗೆಯೂ ಹೇಳಬೇಕು. 2025ರ ಹೊತ್ತಿಗೆ ಬಂಕುಗಳಲ್ಲಿ ಶೇ. 20 ಎಥನಾಲ್ ಬೆರೆತ ಇ20 ಸಾಮಾನ್ಯವಾಗಿದೆ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ ಸುಮಾರು 13.5 ಪಾಲು ಸಾಕು. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಈ ವ್ಯತ್ಯಾಸವನ್ನು ತಕ್ಕಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ, ಕಾರ್ಬೊರೇಟರಿನ ಜೆಟ್ಟಿಗೆ ಅಂಥ ಬುದ್ಧಿಯಿಲ್ಲ. ಹಿಂದೆಯೇ ತೆಳುವಾಗಿ ಸೆಟ್ ಮಾಡಿದ್ದ ಗಾಡಿ ಇದರಿಂದ ಇನ್ನೂ ತೆಳುವಾಗಿ ಐಡ್ಲಿಂಗ್‌ನಲ್ಲಿ ತಪ್ಪತೊಡಗಬಹುದು. ಎಥನಾಲ್ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂಗಳನ್ನು ಮೆತ್ತಗಾಗಿಸುತ್ತದೆ, ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯಲ್ಲಿ ಹಾಗೆ ಹೀರಿದ ನೀರು ಎಥನಾಲಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹಾಗಾಗಿ ಪೈಪುಗಳನ್ನು ಇ20ಕ್ಕೆ ತಾಳುವಂಥವುಗಳಿಗೆ ಬದಲಿಸುವುದು, ಮಿಶ್ರಣವನ್ನು ಹೊಸದಾಗಿ ಸೆಟ್ ಮಾಡಿಸುವುದು ಎರಡೂ ಅಗತ್ಯ.

ಎಂಪಿಎಫ್‌ಐ ಗಾಡಿಯಾಗಿದ್ದರೆ

ಎಂಪಿಎಫ್‌ಐ ಎಂದರೆ ಕಾರ್ಬೊರೇಟರಿನ ಬದಲು ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ. 2000ದ ಆಸುಪಾಸಿನಿಂದ ಬಂದ ಇಂಜೆಕ್ಷನ್ ಗಾಡಿಗಳಲ್ಲೂ ಕ್ರಮ ಇದೇ, ಕೊನೆಯ ಹಂತ ಮಾತ್ರ ಬೇರೆ. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಕೋಡ್ ಓದಿಸಿ. ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಿಂದ ಕೋಡ್ ಓದುವ ಸಾಧನ) ಹೊಂದುವ ಗಾಡಿಗಳಲ್ಲಿ ಪಿ0301 ಎಂದರೆ ಮಿಸ್ಸಿಂಗ್ ಇರುವುದು ಒಂದನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು, ಪಿ0300 ಎಂದರೆ ಗೊತ್ತಾದ ಒಂದೇ ಸಿಲಿಂಡರ್ ಅಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಗೆ ಕಿವಿ ಕೊಟ್ಟರೆ ಟಿಕ್‌ಟಿಕ್ ಕೇಳಬೇಕು. ಥ್ರಾಟಲ್ ಬಾಡಿ ಮತ್ತು ಐಡಲ್ ವಾಲ್ವಿನಲ್ಲಿ ಕಟ್ಟಿದ ಮಸಿಯನ್ನು ತೊಳೆದರೆ ಅರ್ಧ ದೂರುಗಳು ಮುಗಿಯುತ್ತವೆ. ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಲ್ಲಿ ‘ಮಿಶ್ರಣ ತೆಳು’ ಎಂಬ ಕೋಡ್ ಬಂದ ಮಾತ್ರಕ್ಕೆ ಸೆನ್ಸರ್ ಬದಲಿಸಬೇಡಿ. ಸಿಲಿಂಡರ್ ಉರಿಯದಿದ್ದಾಗ ಬಳಕೆಯಾಗದ ಆಮ್ಲಜನಕ ಹಾಗೆಯೇ ಹೊರಬರುತ್ತದೆ, ಸೆನ್ಸರ್ ಅದನ್ನು ನೋಡಿ ತೆಳು ಎಂದು ವರದಿ ಮಾಡುತ್ತದೆ. ಅದು ಕಂಡದ್ದನ್ನೇ ಹೇಳಿದೆ.

ದುರಸ್ತಿಯ ನಂತರ

ಪರೀಕ್ಷೆಗಾಗಿ ಏರಿಸಿದ್ದ ಐಡಲ್ ಸ್ಕ್ರೂವನ್ನು ಹಿಂದಕ್ಕೆ ತನ್ನಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಹೆಡ್‌ಲೈಟ್ ಮತ್ತು ಎ.ಸಿ. ಆರಿಸಿ, ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತ ಎಂಜಿನ್ ಅತಿ ವೇಗವಾಗಿ, ಅತಿ ನಯವಾಗಿ ಓಡುವ ಜಾಗವನ್ನು ಹುಡುಕಿ, ಐಡಲ್ ಸ್ಕ್ರೂವಿನಿಂದ ವೇಗವನ್ನು 900 ಸುತ್ತಿನ ಆಸುಪಾಸಿಗೆ ಇಳಿಸಿ. ಇಳಿಸಿದಾಗ ಮಿಶ್ರಣದ ಹದ ಸ್ವಲ್ಪ ಸರಿಯುವುದರಿಂದ ಇದನ್ನು ಎರಡು ಮೂರು ಬಾರಿ ಮಾಡಬೇಕಾಗುತ್ತದೆ. ಆ ಬಳಿಕ ಹತ್ತು ಹದಿನೈದು ಕಿಲೋಮೀಟರ್, ಒಂದು ಏರೂ ಇರುವ ದಾರಿಯಲ್ಲಿ ಓಡಿಸಿ, ಬಿಸಿ ಆರುವ ಮುನ್ನ ನೇರವಾಗಿ ಎಮಿಷನ್ ಟೆಸ್ಟಿಗೆ ಹೋಗಿ. ಹಳೆಯ ಚೀಟಿಯ ಪಕ್ಕದಲ್ಲಿ ಹೊಸದನ್ನು ಇಟ್ಟಾಗ ಹೈಡ್ರೋಕಾರ್ಬನ್ನಿನ ಅಂಕಿ ಗಣನೀಯವಾಗಿ ಇಳಿದಿರಬೇಕು. ನಡುಕ ನಿಂತಿದ್ದೂ ಆ ಅಂಕಿ ಇಳಿಯದಿದ್ದರೆ ಇನ್ನೂ ಎಲ್ಲೋ ಒಂದು ಕಿಡಿ ತಪ್ಪುತ್ತಿದೆ. ಆಗ ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಮತ್ತೆ ಒಂದನೇ ವೈರಿಗೆ ಸಿಕ್ಕಿಸಿ.